ಐದನೆಯ ಪೋಸ್ಟಿನ ಹಳದಿ ಬಾವುಟ

ಅಕ್ಟೋಬರ್ 19, ಭಾನುವಾರ

ಉಲ್ಟಾ ಓಟದ ದಿನ ಮುಗಿಯಿತು. ವರ್ಷಕ್ಕೊಮ್ಮೆ ಟ್ರ್ಯಾಕಿನಲ್ಲಿ ಕಾರುಗಳನ್ನು ಉಲ್ಟಾ ದಿಕ್ಕಿಗೆ ಓಡಿಸುವ ಈ ಚಟ ನಮ್ಮ ಕ್ಲಬ್ಬಿಗೆ ಯಾವಾಗ ಅಂಟಿತೋ. ಡ್ರೈವರುಗಳಿಗೆ ಖುಷಿ, ನಮಗೆ ತಲೆನೋವು. ಆದರೂ ಮಧ್ಯಾಹ್ನ ಮೂರೂವರೆಯವರೆಗೆ ಒಂದು ತಕರಾರೂ ಇರಲಿಲ್ಲ.

ಕೊನೆಯ ಓಟ ಗೆದ್ದವಳು ಡೀನಾ ಕಲಫಾಟಿಸ್. ಪೋರ್ಟ್ ಪಿರೀಯ ಲಾರಿ ಮೆಕ್ಯಾನಿಕ್, ಇಪ್ಪತ್ತಾರು ವರ್ಷ, ಕಡಿಮೆ ಮಾತು. ವರ್ಷದ ಅಂಕಪಟ್ಟಿಯಲ್ಲಿ ಹನ್ನೊಂದು ಅಂಕ ಮುಂದಿದ್ದಳು. ಎರಡನೆಯವನು ಕೋರಿ, ಶಾಲೆಯ ಬಸ್ ಓಡಿಸುವವನು. ಕಾರುಗಳು ಒಳಗೆ ಬಂದು ನಿಂತಿರಲಿಲ್ಲ, ಕೋರಿಯ ಕಡೆಯವರು ದೂರು ಹಿಡಿದುಕೊಂಡು ನನ್ನ ತಗಡಿನ ಕೋಣೆಗೆ ಬಂದರು. ಓಟದ ತಕರಾರಿಗೆ ತೀರ್ಪು ಹೇಳುವವಳು ನಾನು, ಮುಖ್ಯ ಸ್ಟೀವರ್ಡ್. ಏಳನೆಯ ಸುತ್ತಿನಲ್ಲಿ, ಬಾವುಟದವರು ಕೂರುವ ಐದನೆಯ ಪೋಸ್ಟಿನ ಹತ್ತಿರ, ಹಳದಿ ಬಾವುಟ ಇದ್ದಾಗ ಡೀನಾ ಕೋರಿಯನ್ನು ಹಿಂದೆ ಹಾಕಿದಳಂತೆ. ಹಳದಿ ಇದ್ದಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಮುಂದೆ ಕಾರು ಕೆಟ್ಟು ನಿಂತಿರುತ್ತದೆ, ಮನುಷ್ಯರು ಇಳಿದಿರುತ್ತಾರೆ. ಅದಕ್ಕೆ ಒಂದೇ ಶಿಕ್ಷೆ, ಆ ಓಟದಿಂದ ಅನರ್ಹ.

ಇಬ್ಬರನ್ನೂ ಕರೆಸಿದೆ. ಕೋರಿ ಪಾಪ, "ನಾನು ಬಾವುಟ ಎಲ್ಲಿ ನೋಡ್ಲಿ, ಕನ್ನಡಿಯಲ್ಲಿ ಅವಳ ಕಾರಿನ ಮೂತಿ ನೋಡ್ತಿದ್ದೆ" ಎಂದ. ಡೀನಾಳನ್ನು ಕೇಳಿದೆ.

"ಐದರ ಹತ್ರ ಕೋರೀನ ಪಾಸ್ ಮಾಡಿದ್ಯಾ?"

"ಮಾಡ್ದೆ."

"ಅಲ್ಲಿ ಹಳದಿ ಇತ್ತಲ್ಲ."

"ಇರ್ಲಿಲ್ಲ."

"ಚೀಟಿ ಇಲ್ಲಿದೆ ನೋಡು. ಆರನೇ ಸುತ್ತಿಂದ ಎಂಟನೇ ಸುತ್ತಿನ ತನಕ ಪೋಸ್ಟ್ ಐದರಲ್ಲಿ ಹಳದಿ. ಬರೆದಿರೋನು ಕ್ಲ್ಯಾರಿ. ಮೂವತ್ತೊಂದು ವರ್ಷದಿಂದ ಒಂದೇ ದಿಬ್ಬದ ಮೇಲೆ ಬಾವುಟ ಹಿಡಿದು ಕೂತಿದಾನೆ ಅವನು."

"ನಾನು ನೋಡ್ಲಿಲ್ಲ."

"ಇರ್ಲಿಲ್ಲ ಅನ್ನೋದು ಬೇರೆ, ನೋಡ್ಲಿಲ್ಲ ಅನ್ನೋದು ಬೇರೆ. ಯಾವುದು ಬರ್ಕೊಳ್ಲಿ?"

ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ನೋಡ್ಲಿಲ್ಲ ಅಂತ ಬರ್ಕೊಳ್ಳಿ" ಎಂದಳು.

ಅನರ್ಹ ಎಂದು ಬರೆದೆ. ಮೇಲ್ಮನವಿಗೆ ಮೂವತ್ತು ನಿಮಿಷವಿದೆ ಎಂದು ಹೇಳಿದೆ. ಅವಳ ಹತ್ತಿರ ಸಾಕ್ಷಿಯೇನೂ ಇರಲಿಲ್ಲ, ಕ್ಯಾಮೆರಾ ಕೂಡ ಇಟ್ಟಿರಲಿಲ್ಲ. ಸಹಿ ಹಾಕಿ ಹೋದಳು. ಈಗ ಒಂಬತ್ತು ಅಂಕ ಹಿಂದೆ. ಅತ್ತು ಕರೆದು ರಂಪ ಮಾಡಲಿಲ್ಲ, ಅದೊಂದು ಮೆಚ್ಚಿದೆ. ಇಡೀ ವಿಚಾರಣೆ ಹನ್ನೊಂದು ನಿಮಿಷ. ಇಷ್ಟು ನೀಟಾಗಿ ಮುಗಿದ ತೀರ್ಪು ಈ ವರ್ಷ ಇನ್ನೊಂದಿಲ್ಲ.

ಅಕ್ಟೋಬರ್ 21, ಮಂಗಳವಾರ

ಕಾಗದಗಳನ್ನು ಜೋಡಿಸುತ್ತಿದ್ದೆ. ಕೆಟ್ಟ ಕಾರು ಎಳೆಯುವ ಲಾರಿಯವನ ಚೀಟಿ ಕೆಳಗಿತ್ತು: "3.20. ನೀರಿನ ಟ್ಯಾಂಕ್ ಪಕ್ಕ ಹುಲ್ಲಿನ ಮೇಲೆ ನಿಂತ ನೀಲಿ ಕಾರು, ಎಳೆದು ತಂದೆ."

ನೀರಿನ ಟ್ಯಾಂಕ್ ಇರುವುದು ಕ್ಲ್ಯಾರಿಯ ದಿಬ್ಬದಲ್ಲಿ.

ಎದುರಿಗಿಟ್ಟುಕೊಂಡು ನೋಡಬೇಕು, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಟ್ರ್ಯಾಕಿನ ಸುತ್ತ ಏಳು ಪೋಸ್ಟ್. ಕಾರು ಓಡುವ ದಿಕ್ಕಿನಲ್ಲಿ ಒಂದರಿಂದ ಏಳು ಎಣಿಸುತ್ತೇವೆ. ಕ್ಲ್ಯಾರಿಯ ದಿಬ್ಬ ಯಾವಾಗಲೂ ಐದು. ಉಲ್ಟಾ ಓಡಿಸಿದ ದಿನ ಎಣಿಕೆಯೂ ಉಲ್ಟಾ, ಆ ದಿಬ್ಬ ಅವತ್ತು ಮೂರು. ಐದು ಇರುವುದು ಆಚೆ ತುದಿಯ ಶೀಓಕ್ ಮರಗಳ ಹತ್ತಿರ. ಕ್ಲ್ಯಾರಿ ಮೂವತ್ತೊಂದು ವರ್ಷದ ಅಭ್ಯಾಸದಲ್ಲಿ ರೇಡಿಯೋದಲ್ಲಿ ಐದು ಅಂದ, ಚೀಟಿಯಲ್ಲೂ ಐದು ಬರೆದ. ಗುಡ್ಡದ ಆಚೆಯದು ಓಟ ನಡೆಸುವವರು ಕೂರುವ ಟವರಿಗೆ ಕಾಣುವುದಿಲ್ಲ.

ಬಾವುಟ ಇದ್ದದ್ದು ಟ್ಯಾಂಕಿನ ಹತ್ತಿರ. ಡೀನಾ ಹಿಂದೆ ಹಾಕಿದ್ದು ಶೀಓಕ್ ಹತ್ತಿರ.

ಇರ್ಲಿಲ್ಲ ಅಂದಳಲ್ಲ. ಇರಲಿಲ್ಲ.

ಅಕ್ಟೋಬರ್ 22, ಬುಧವಾರ

ಕೆಲಸದಿಂದ ಹಾಗೇ ಟ್ರ್ಯಾಕಿಗೆ ಹೋದೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ. ಟ್ಯಾಂಕಿನ ಪಕ್ಕ ಹುಲ್ಲಿನಲ್ಲಿ ಟೈರು ಉಜ್ಜಿದ ಗುರುತು ಇನ್ನೂ ಇದೆ. ಶೀಓಕ್ ಹತ್ತಿರ ಏನೂ ಇಲ್ಲ. ಇಪ್ಪತ್ತು ನಿಮಿಷ ಹುಡುಕಿದೆ, ಇರಲಿ ದೇವರೇ ಏನಾದರೂ ಇರಲಿ ಅಂದುಕೊಂಡು.

ಅವತ್ತು ಶೀಓಕ್ ಹತ್ತಿರ ಕೂತಿದ್ದವಳು ಔಷಧಿ ಅಂಗಡಿಯ ಜೋಸಿ. ತಲೆನೋವಿನ ಮಾತ್ರೆ ಕೇಳುವ ನೆಪ ಮಾಡಿಕೊಂಡು ಹೋದೆ.

"ಭಾನುವಾರ ನಿನ್ನ ಕಡೆ ಹೇಗಿತ್ತು?"

"ಏನಿಲ್ಲಪ್ಪ. ಇಡೀ ದಿನ ನೊಣ ಓಡಿಸಿದ್ದೇ ಕೆಲಸ. ಬಾವುಟ ಬಿಚ್ಚಲೇ ಇಲ್ಲ. ಯಾಕೆ ವರ್ನಾ?"

"ಸುಮ್ನೆ."

ಅವಳ ಚೀಟಿ ಖಾಲಿ. ನಮ್ಮಲ್ಲಿ ಏನಾದರೂ ನಡೆದ ಪೋಸ್ಟಿನ ಚೀಟಿ ಮಾತ್ರ ಟವರಿಗೆ ಬರುತ್ತದೆ, ಖಾಲಿಯದು ಅವರವರ ಜೇಬಿನಲ್ಲೇ ಉಳಿಯುತ್ತದೆ. ಖಾಲಿ ಚೀಟಿ ನನ್ನ ಮೇಜಿಗೆ ಬಂದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಈಗ ಬಂದು ಏನು ಪ್ರಯೋಜನ, ಅರ್ಧ ಗಂಟೆ ಅವತ್ತೇ ಮುಗಿದಿದೆ.

ಮಾತ್ರೆ ನುಂಗಿದೆ. ತಲೆನೋವು ನಿಜವಾಗಿಯೂ ಬಂದಿತ್ತು.

ಅಕ್ಟೋಬರ್ 26, ಭಾನುವಾರ

ಆ ಅರ್ಧ ಗಂಟೆಯ ಬಗ್ಗೆ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು. ನಿಯಮ ಕ್ಲಬ್ಬಿನದು, ನಿಜ. ಅದಕ್ಕೆ ಹಲ್ಲು ಕೂಡಿಸಿದವಳು ನಾನು.

ಎರಡು ವರ್ಷದ ಹಿಂದೆ, ವರ್ಷದ ಕೊನೆಯ ಓಟ. ಮರ್ರೆ ಕ್ಲೈನಿಗ್ ಮುಂದಿನ ಕಾರಿಗೆ ಗುದ್ದಿದ ಅಂತ ಶಿಕ್ಷೆ ಕೊಟ್ಟೆ. ಅವನು ಅಂಬುಲೆನ್ಸಿನಲ್ಲಿ ಕುತ್ತಿಗೆ ತೋರಿಸಿಕೊಳ್ಳುತ್ತಿದ್ದ. ಕಾರಿನ ಕ್ಯಾಮೆರಾ ಬಿಚ್ಚಿಕೊಂಡು ನನ್ನ ಬಾಗಿಲಿಗೆ ಬಂದಾಗ ಮೂವತ್ತಾರು ನಿಮಿಷ ಆಗಿತ್ತು. "ಒಂದ್ಸಲ ನೋಡು ವರ್ನಾ, ಹಿಂದಿನಿಂದ ನನಗೇ ಗುದ್ದಿದಾರೆ, ಅದಕ್ಕೇ ನಾನು ಮುಂದಕ್ಕೆ ಹೋಗಿದ್ದು" ಅಂದ. ನಾನು ನೋಡಲಿಲ್ಲ. "ಮೂವತ್ತು ಅಂದ್ರೆ ಮೂವತ್ತು, ಯಾರಿಗಾದರೂ ಸರಿ" ಅಂದೆ. ಪ್ರಶಸ್ತಿ ಹೋಯಿತು. ಮುಂದಿನ ತಿಂಗಳೇ ಮರ್ರೆ ಕಾರು ಮಾರಿದ.

ಆ ಮಾತು ಆಮೇಲೆ ನನ್ನ ಹೆಸರಿಗೇ ಅಂಟಿಕೊಂಡಿತು. ಕ್ರಿಸ್ಮಸ್ಸಿಗೆ ಕ್ಲಬ್ಬಿನವರು ಅದನ್ನೇ ಒಂದು ಟೀ ಮಗ್ಗಿನ ಮೇಲೆ ಬರೆಸಿ ಕೊಟ್ಟರು. ದೊಡ್ಡಸ್ತಿಕೆಯಿಂದ ಇಸಿದುಕೊಂಡೆ.

ಈಗ ಡೀನಾಳದ್ದು ತೆರೆದರೆ ಮರ್ರೆಯದ್ದು ಯಾಕೆ ಮುಚ್ಚಿದೆ? ಮುಚ್ಚಿಯೇ ಇಟ್ಟರೆ ಇದು ನ್ಯಾಯವಾ? ಇತ್ತ ಹೋದರೆ ಅವನಿಗೆ ಅನ್ಯಾಯ, ಅತ್ತ ಹೋದರೆ ಅವಳಿಗೆ. ಅಡುಗೆಮನೆಯಲ್ಲಿ ಹತ್ತು ಸಲ ತಿರುಗಾಡಿದೆ, ನೀರು ಕುದಿಯಲು ಇಟ್ಟದ್ದು ಆರಿಹೋಗಿತ್ತು.

ಅಕ್ಟೋಬರ್ 30, ಗುರುವಾರ

ಕ್ಲಬ್ಬಿನ ಅಧ್ಯಕ್ಷ ಗ್ರೇಮ್‌ನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಮೊಳೆಗಳನ್ನು ಡಬ್ಬಿಗೆ ತುಂಬುತ್ತಲೇ ಕೇಳಿಸಿಕೊಂಡ.

"ಯಾರ್‍ಯಾರಿಗೆ ಹೇಳಿದೀಯ?"

"ನಿನಗೇ ಮೊದಲು."

"ಹಾಗಾದ್ರೆ ನನಗೂ ಹೇಳಿಲ್ಲ ಅಂದ್ಕೊ."

"ಗ್ರೇಮ್, ಆ ಹುಡುಗಿ ತಪ್ಪು ಮಾಡಿಲ್ಲ."

"ಮರ್ರೆನೂ ಮಾಡಿರ್ಲಿಲ್ಲ. ಅವನಿಗೆ ಆರು ನಿಮಿಷ ಕೊಡ್ಲಿಲ್ಲ ನೀನು. ಇವಳಿಗೆ ಹನ್ನೊಂದು ದಿನ ಕೊಡ್ತೀಯಾ? ಅವನು ಬಂದು ಕೇಳಿದ್ರೆ ಯಾವ ಮುಖ ತೋರಿಸ್ತೀಯ? ನಾಳೆ ಇನ್ನೊಬ್ಬ ಬರ್ತಾನೆ, ನಾಡಿದ್ದು ಮತ್ತೊಬ್ಬ. ಹತ್ತು ವರ್ಷದ ತೀರ್ಪೆಲ್ಲ ಕೆದಕ್ತಾರೆ. ಮತ್ತೆ ಕ್ಲ್ಯಾರಿ? ಎಪ್ಪತ್ತೇಳು ಅವನಿಗೆ. ಇದು ಗೊತ್ತಾದ್ರೆ ಅವನನ್ನ ದಿಬ್ಬ ಹತ್ತೋಕೆ ಬಿಡ್ತಾರಾ?"

ಮೊಳೆ ಎಣಿಸಿದಂತೆ ಒಂದೊಂದೇ ಹೇಳಿದ. ಅದೆಲ್ಲವನ್ನೂ ನಾನೇ ಮೊದಲು ಯೋಚಿಸಿ ಆಗಿತ್ತು. ಅವನು ಕೆಟ್ಟವನಲ್ಲ. ನನ್ನದೇ ಮಾತನ್ನು ನನಗೆ ವಾಪಸು ಕೊಟ್ಟ, ಅಷ್ಟೆ.

ಕೊನೆಗೆ, "ಮುಂದಿನ ತಿಂಗಳು ಮೂವತ್ತನೇ ತಾರೀಕು ಕೊನೆ ಪಂದ್ಯ ಇದೆಯಲ್ಲ, ಒಂಬತ್ತೇ ಅಂಕ. ಅವಳೇ ಗೆದ್ದುಬಿಡಬಹುದು, ಆಗ ಎಲ್ಲ ತಣ್ಣಗಾಗುತ್ತೆ" ಅಂದ.

ಮನೆಗೆ ಬರುವ ದಾರಿಯಲ್ಲಿ ಅದೇ ಯೋಚನೆ. ಅವಳೇ ಗೆದ್ದುಬಿಡಲಿ.

ನವೆಂಬರ್ 4, ಮಂಗಳವಾರ

ಮೆಲ್ಬರ್ನಿನ ಕುದುರೆ ರೇಸಿನ ದಿನ. ಊರೆಲ್ಲ ಟೀವಿ ಮುಂದೆ, ನಾವು ಧಾನ್ಯ ತುಂಬಿಡುವ ಸೈಲೋದಲ್ಲಿ. ಬಾರ್ಲಿ ಬರಲು ಶುರುವಾಗಿದೆ, ಲಾರಿಗಳ ಸಾಲು ರಸ್ತೆಯವರೆಗೆ. ನನ್ನ ಕೆಲಸ ಮೆಟ್ಟಿಲು ಹತ್ತಿ ಲಾರಿಯೊಳಗೆ ಕೊಳವೆ ಚುಚ್ಚಿ ಮಾದರಿ ತೆಗೆಯುವುದು, ಜರಡಿ ಹಿಡಿಯುವುದು, ದರ್ಜೆ ಹೇಳುವುದು. ಬಿಯರಿಗೆ ಹೋಗುವ ಬಾರ್ಲಿಗೆ ಒಳ್ಳೆಯ ಬೆಲೆ, ದನಕ್ಕೆ ಹೋಗುವುದಕ್ಕೆ ಕಡಿಮೆ. ಹತ್ತೊಂಬತ್ತು ವರ್ಷದಿಂದ ಗೊಣಗು ಕೇಳುತ್ತಿದ್ದೇನೆ. ಯಾರ ಲಾರಿಗೂ ಎರಡನೆಯ ಸಲ ಕೊಳವೆ ಚುಚ್ಚಿದವಳಲ್ಲ.

ಎರಡು ಗಂಟೆಗೆ ಮರ್ರೆಯ ಲಾರಿ. ಎರಡು ವರ್ಷದಿಂದ ಅವನು ನನ್ನ ಹತ್ತಿರ ಮಾತಾಡಿಲ್ಲ, ಕಿಟಕಿಯಿಂದ ಕಾರ್ಡ್ ಚಾಚುತ್ತಾನೆ, ಆಮೇಲೆ ರಸ್ತೆ ನೋಡುತ್ತಾ ಕೂರುತ್ತಾನೆ. ಮಾದರಿ ಜರಡಿ ಹಿಡಿದೆ. ಸಣ್ಣ ಕಾಳು ಕೂದಲೆಳೆಯಷ್ಟು ಜಾಸ್ತಿ, ದನದ ದರ್ಜೆ. ಬರೆಯಲು ಪೆನ್ನು ತೆಗೆದವಳು ಯಾಕೋ ಮತ್ತೆ ಮೆಟ್ಟಿಲು ಹತ್ತಿ ಇನ್ನೆರಡು ಕಡೆ ಚುಚ್ಚಿದೆ. ಅದು ಬಿಯರಿನ ದರ್ಜೆಗೇ ಬಂತು. ಗಾಳಿ ಜೋರಿತ್ತು, ಮೊದಲನೆಯದು ಅಂಚಿನಿಂದ ತೆಗೆದಿದ್ದೆ, ಅದಕ್ಕೇ.

ಚೀಟಿ ಕೊಟ್ಟಾಗ ಮರ್ರೆ ಅದನ್ನು ನೋಡಿದ, ನನ್ನನ್ನು ನೋಡಿದ.

"ಇದೇನು ಹೊಸಾದು?" ಅಂದ. ಎರಡು ವರ್ಷದಲ್ಲಿ ಮೊದಲ ಮಾತು. ಗೇರು ಹಾಕಿ ಹೋದ.

ನವೆಂಬರ್ 8, ಶನಿವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಸಾಲಿನಲ್ಲಿ ಒಂದು ಲಾರಿಯ ಬ್ರೇಕ್ ಹಿಡಿದುಕೊಂಡು ಅಲ್ಲೇ ನಿಂತಿತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. ಪಿರೀಯಿಂದ ಬಂದವಳು ಡೀನಾ. ಲಾರಿಯ ಕೆಳಗೆ ಒಂದು ಗಂಟೆ ಮಲಗಿ ಸರಿಮಾಡಿದಳು. ಆಮೇಲೆ ನನ್ನ ಶೆಡ್ಡಿನ ನಲ್ಲಿಯಲ್ಲಿ ಕೈ ತೊಳೆಯಲು ಬಂದಳು. ಎದುರಿಗೇ ನಿಂತಿದ್ದೆ, ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

"ಬೇಜಾರಿಲ್ಲ ತಾನೇ?" ಅಂದೆ. ಕೇಳಬಾರದ ಪ್ರಶ್ನೆ.

"ತೀರ್ಪಿನ ಮೇಲಾ? ಇಲ್ಲ. ಚೀಟಿ ಇತ್ತು, ನೀವು ಓದಿದ್ರಿ." ಸೋಪು ಉಜ್ಜುತ್ತಲೇ ಇದ್ದಳು. "ನನ್ನ ಮೇಲೇ ಬೇಜಾರು. ಮೂರು ವಾರದಿಂದ ದಿನಾ ಆ ತಿರುವಲ್ಲೇ ಇದೀನಿ. ಮಲಗಿದ್ರೂ ಅದೇ, ಎದ್ರೂ ಅದೇ. ಮೊದಮೊದಲು ಬಾವುಟ ಇರ್ತಿರ್ಲಿಲ್ಲ. ಈಗ ಒಂದೊಂದ್ಸಲ ಇರುತ್ತೆ."

ನಾನು ಒರೆಸಿಕೊಳ್ಳಲು ಬಟ್ಟೆ ಚಾಚಿದೆ.

"ಹಳದಿ ಬಾವುಟ ಕಾಣ್ದೆ ಇರೋರು ರೇಸಿಗೆ ಹೋಗ್ಬಾರ್ದು ಅಲ್ವಾ? ಅಲ್ಲಿ ಯಾರಾದ್ರೂ ಇಳಿದು ನಿಂತಿದ್ರೆ? ಗುರುವಾರ ಕಣ್ಣು ತೋರಿಸ್ತೀನಿ. ಕಣ್ಣು ಸರಿ ಇದೆ ಅಂದ್ರೆ ಇನ್ನೂ ಕಷ್ಟ. ಆಗ ತಲೇನೇ ತೋರಿಸ್ಬೇಕು." ನಕ್ಕಳು. "ಇಲ್ಲಿ ಈಗ ಬ್ರೇಕ್ ಕಟ್ಟಿ ಮತ್ತೆ ಬಿಚ್ಚಿ ನೋಡ್ದೆ. ಮುಂಚೆ ಹಂಗೆ ಮಾಡ್ತಿರ್ಲಿಲ್ಲ."

"ಕಣ್ಣು ಚೆನ್ನಾಗೇ ಇರುತ್ತೆ ಬಿಡು" ಅಂದೆ.

"ನಿಮಗೆ ಹೇಗೆ ಗೊತ್ತು?"

ಬಾಯಿಗೆ ಬಂತು. ಹಿಂದಿನ ಲಾರಿಯವನು ಹಾರನ್ ಹೊಡೆದ. ನಾನು ಕೊಳವೆ ಎತ್ತಿಕೊಂಡು ಮೆಟ್ಟಿಲ ಕಡೆ ಹೋದೆ. ಹಾರನ್ ಹೊಡೆಯದಿದ್ದರೆ ಹೇಳುತ್ತಿದ್ದೆ ಅಂತ ಈಗ ಬರೆಯಲು ಹೊರಟೆ, ಕೈ ಬರಲಿಲ್ಲ.

ಇಷ್ಟು ದಿನ ಅಂಕದ ಲೆಕ್ಕ ಅಂದುಕೊಂಡಿದ್ದೆ. ನಾನು ಆ ಹುಡುಗಿಯ ಕಣ್ಣನ್ನೇ ಕಿತ್ತುಕೊಂಡಿದ್ದೇನೆ.

ನವೆಂಬರ್ 9

ಇವತ್ತೂ ಹೇಳಲಿಲ್ಲ.

ನವೆಂಬರ್ 14, ಶುಕ್ರವಾರ

ಮರ್ರೆಯ ಹೊಲಕ್ಕೆ ಹೋದೆ. ಕೊಯ್ಲು ಯಂತ್ರದ ಬೆಲ್ಟ್ ಬಿಗಿಮಾಡುತ್ತಿದ್ದ. ಯೂಟ್ ಗಾಡಿಯಿಂದ ನಾನಿಳಿದದ್ದು ನೋಡಿಯೂ ಸ್ಪ್ಯಾನರ್ ಕೆಳಗಿಡಲಿಲ್ಲ.

"ದರ್ಜೆ ತಪ್ಪಾಗಿತ್ತಾ? ವಾಪಸ್ ಬೇಕಾ?"

"ಅದಲ್ಲ." ನಿಂತಲ್ಲೇ ಎಲ್ಲ ಹೇಳಿದೆ. ಕ್ಲ್ಯಾರಿಯ ಚೀಟಿ, ಟ್ಯಾಂಕು, ಶೀಓಕ್, ಡೀನಾ. "ಅವಳದ್ದು ತೆಗೆದ್ರೆ ನಿನ್ನದೂ ತೆಗೀಬೇಕು. ನಿನಗೆ ಒಂದು, ಅವಳಿಗೆ ಒಂದು ಮಾಡೋಕಾಗಲ್ಲ. ಅದಕ್ಕೇ ನಿನ್ನ ಕೇಳೋಕೆ ಬಂದೆ" ಅಂದೆ.

ಮರ್ರೆ ಕೈ ಒರೆಸಿಕೊಂಡ. ಅವನಿಗೆ ಸಿಟ್ಟು ಬಂದರೆ ಮೆತ್ತಗೆ ಮಾತಾಡುತ್ತಾನೆ.

"ನನ್ನ ಏನು ಕೇಳ್ತೀಯ? ಅವತ್ತು ನನ್ನ ಕ್ಯಾಮೆರಾ ನೋಡದೇ ಇದ್ದೋಳು ನೀನು. ಅದನ್ನ ಈಗ ತಂದು, ಇವಳಿಗೆ ಬಾಗಿಲು ಹಾಕೋಕೆ ಚಿಲಕ ಮಾಡ್ಕೊತಿದೀಯ. ನನಗಾದ್ದು ಅವಳಿಗೂ ಆಗ್ಲಿ ಅಂತ ನಾನು ಯಾವತ್ತಾದ್ರೂ ಅಂದ್ನಾ?"

"ಎಲ್ಲರಿಗೂ ಒಂದೇ ರೀತಿ ಇರ್ಬೇಕಲ್ಲ ಮರ್ರೆ."

"ಇರ್ಲಿ. ಇಬ್ಬರಿಗೂ ನೋಡು. ಎಲ್ಲರಿಗೂ ಒಂದೇ ರೀತಿ ಅಂದ್ರೆ ಎಲ್ಲರಿಗೂ ಕಣ್ಣು ಮುಚ್ಕೊಳ್ಳೋದು ಅಂತ ನಿನಗೆ ಹೇಳಿದೋರ್‍ಯಾರು? ನನ್ನ ಹೆಸರಲ್ಲಿ ಆ ಹುಡುಗಿಗೆ ಅನ್ಯಾಯ ಮಾಡ್ಬೇಡ. ನನ್ನ ಕತ್ತಿಗೆ ಕಟ್ಬೇಡ ಅದನ್ನ."

ಸ್ವಲ್ಪ ಹೊತ್ತು ಬೆಲ್ಟ್ ಎಳೆದ. ಆಮೇಲೆ ಕೇಳಿದ, "ಯಾವತ್ತು ಗೊತ್ತಾಯ್ತು ನಿನಗೆ?"

"ಈಚೆಗೆ" ಅಂದೆ.

ಯಾಕೆ ಹಾಗಂದೆ?

ಅವನ ಕ್ಯಾಮೆರಾದ ಚಿತ್ರ ಇನ್ನೂ ಇದೆಯಾ ಎಂದು ಕೇಳಿದೆ. ಇದೆಯಂತೆ. ತೋರಿಸು ಅಂದೆ. ಅಡುಗೆಮನೆಯ ಮೇಜಿನ ಮೇಲೆ ಇಟ್ಟು ತೋರಿಸಿದ. ನಲವತ್ತು ಸೆಕೆಂಡು. ಹಿಂದಿನಿಂದ ಗುದ್ದಿದ್ದು ಸ್ಪಷ್ಟ ಇದೆ. ಅವತ್ತು ನೋಡಲು ಇಷ್ಟೇ ಹೊತ್ತು ಬೇಕಿತ್ತು. ಮರ್ರೆ ಟೀ ಕೊಟ್ಟ, ಸಕ್ಕರೆ ಬೇಕಾ ಅಂತ ಕೇಳಲಿಲ್ಲ.

ನವೆಂಬರ್ 16, ಭಾನುವಾರ

ಕ್ಲ್ಯಾರಿಯ ಮನೆಗೆ ಬೇಕರಿಯಿಂದ ಎರಡು ಪೇಸ್ಟಿ ಒಯ್ದೆ, ಮಾಂಸ ಆಲೂಗಡ್ಡೆ ತುಂಬಿದ್ದು. ಹೆಂಡತಿ ಹೋದಮೇಲೆ ಅವನು ಸರಿಯಾಗಿ ಉಣ್ಣುವುದಿಲ್ಲ. ಓಟ ಇರುವ ಭಾನುವಾರಗಳಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾನೆ. ನನಗೆ ಬಾವುಟ ಹಿಡಿಯಲು ಕಲಿಸಿದವನೇ ಅವನು.

ಚೀಟಿಯನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದ.

"ನಾನು ಐದು ಅಂದ್ನಾ?"

"ಅಂದೆ. ಬರೆದೂ ಇದೀಯ."

"ನನ್ನ ಅಕ್ಷರವೇ." ಚೀಟಿ ಮಡಿಸಿ ಬಿಡಿಸಿದ. "ಆ ಹುಡುಗಿ ಆಚೆ ಕಡೆ ಪಾಸ್ ಮಾಡಿದ್ದಾ? ನನಗೆ ಯಾರೂ ಹೇಳ್ಲಿಲ್ಲವಲ್ಲೇ. ಯಾವುದೋ ಹಳದಿ ಮೀರಿದಾಳೆ ಅಂತ ಅಷ್ಟೇ ಕೇಳಿದ್ದು. ನನ್ನ ಮುಂದೆ ಅಂತೂ ಯಾರೂ ಪಾಸ್ ಮಾಡ್ಲಿಲ್ಲಪ್ಪ ಅಂದ್ಕೊಂಡೆ. ನನ್ನ ಕರೆಸಿ ಕೇಳೋದಲ್ವಾ?"

ಕರೆಸಿರಲಿಲ್ಲ. ಹನ್ನೊಂದು ನಿಮಿಷದಲ್ಲಿ ಮುಗಿಸಿದ್ದೆ.

"ಐದರಲ್ಲಿ ಕೂತಿದ್ದೋಳ ಚೀಟಿ?"

"ಜೋಸಿದು ಖಾಲಿ. ಖಾಲಿ ಚೀಟಿ ನಾವು ತಗೊಳ್ಳಲ್ಲ."

"ಮುಂಚೆ ಏಳೂ ತಗೋತಿದ್ವಲ್ಲ. ಯಾವಾಗ ನಿಂತಿದ್ದು ಅದು?"

ಹನ್ನೊಂದು ವರ್ಷದ ಹಿಂದೆ, ನಾನು ಮುಖ್ಯ ಸ್ಟೀವರ್ಡ್ ಆದಾಗ. ಕಾಗದ ಕಡಿಮೆಯಾಗಲಿ ಅಂತ ನಾನೇ ನಿಲ್ಲಿಸಿದ್ದು. ಕ್ಲ್ಯಾರಿಗೂ ಅದು ಗೊತ್ತು, ಬೇಕೆಂದೇ ಕೇಳಿದ್ದು. ನಾಲ್ಕು ವಾರದಿಂದ ಕ್ಲ್ಯಾರಿಯ ತಪ್ಪು, ಕ್ಲ್ಯಾರಿಯನ್ನು ಉಳಿಸಬೇಕು ಅಂತ ಎದೆ ಬಡಿದುಕೊಂಡಿದ್ದೇ ಬಂತು.

"ಡ್ರೈವರ್‌ಗಳ ಮುಂದೆ ಹಳೇ ತೀರ್ಪು ಓದ್ತೀಯಲ್ಲ, ಅಲ್ಲೇ ಹೇಳು" ಅಂದ. "ನನ್ನ ಹೆಸರೂ ಹೇಳು. ನನ್ನ ಮರ್ಯಾದೆ ನೀನು ಕಾಯ್ಬೇಕಾಗಿಲ್ಲ. ಪೇಸ್ಟಿ ತಣ್ಣಗಾಗ್ತಿದೆ, ತಿನ್ನು."

ತಿಂದೆ. ಅವನು ತಿನ್ನಲಿಲ್ಲ.

ನವೆಂಬರ್ 22, ಶನಿವಾರ

ಡೀನಾಳ ಕಣ್ಣಿನ ವರದಿ ಕ್ಲಬ್ಬಿನ ಅಂಚೆಗೆ ಬಂದಿದೆ. ಯಾರೂ ಕೇಳಿರಲಿಲ್ಲ, ಅವಳೇ ಕಳಿಸಿದ್ದಾಳೆ. ಎರಡೂ ಕಣ್ಣು ಸರಿಯಾಗಿವೆ, ಬಣ್ಣ ಸರಿಯಾಗಿ ಕಾಣುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ, "ಬೇಕಾದರೆ ಇನ್ನೊಮ್ಮೆ ಮಾಡಿಸುತ್ತೇನೆ."

ಫೋನ್ ಎತ್ತಿಕೊಂಡೆ, ಇಟ್ಟೆ. ಪಂದ್ಯದ ಭಾನುವಾರ ಎಲ್ಲರೆದುರು ಹೇಳುವುದೇ ಸರಿಯಾದ ಕ್ರಮ. ಕ್ಲ್ಯಾರಿಯೂ ಹಾಗೇ ಅಂದಿದ್ದಾನೆ. ಇನ್ನು ಎಂಟೇ ದಿನ.

ರಾಜೀನಾಮೆ ಬರೆದೆ. ಓದಿದರೆ ಅದರಲ್ಲಿ ಡೀನಾಳ ಹೆಸರೇ ಇರಲಿಲ್ಲ. ಹರಿದೆ.

ನವೆಂಬರ್ 29, ಶನಿವಾರ

ಅವಳೇ ಗೆದ್ದುಬಿಟ್ಟರೆ ಅಂತ ಇವತ್ತೂ ಅಂದುಕೊಂಡೆ. ಛೀ.

ನವೆಂಬರ್ 30, ಭಾನುವಾರ

ಫಲಿತಾಂಶ ಮೊದಲು. ವರ್ಷದ ಪ್ರಶಸ್ತಿ ಕೋರಿಗೆ, ನಾಲ್ಕು ಅಂಕದಿಂದ. ಡೀನಾ ಇವತ್ತಿನ ಎರಡು ಓಟದಲ್ಲಿ ಒಂದು ಗೆದ್ದಳು, ಇನ್ನೊಂದರಲ್ಲಿ ಎರಡನೆಯವಳು. ಅವತ್ತಿನ ಇಪ್ಪತ್ತು ಅಂಕ ಇದ್ದಿದ್ದರೆ ಪ್ರಶಸ್ತಿ ಅವಳದು, ಅದರ ಜೊತೆ ಸಿಗುವ ರಾಜ್ಯ ತಂಡದ ಜಾಗವೂ ಅವಳದು.

ಈಗ ಬೆಳಗ್ಗೆಯದು.

ಎಂಟೂವರೆಗೆ ಡ್ರೈವರುಗಳು ತಗಡಿನ ಕೋಣೆಯ ಮುಂದೆ ಸೇರಿದರು. ಹಿಂದಿನ ಪಂದ್ಯದ ತೀರ್ಪುಗಳನ್ನು ಕಪ್ಪು ಪುಸ್ತಕದಿಂದ ಗಟ್ಟಿಯಾಗಿ ಓದಿ ದಿನ ಶುರುಮಾಡುವುದು ನಮ್ಮ ಪದ್ಧತಿ. ಓದಿದೆ. "ಕಾರು ಇಪ್ಪತ್ತೇಳು, ಡೀನಾ ಕಲಫಾಟಿಸ್, ಹಳದಿ ಬಾವುಟದ ಕೆಳಗೆ ಹಿಂದೆ ಹಾಕಿದ್ದಕ್ಕೆ ಅನರ್ಹ." ಪುಸ್ತಕ ಮುಚ್ಚದೆ ಹೇಳಿದೆ, "ಇದು ತಪ್ಪು ತೀರ್ಪು. ಬಾವುಟ ಟ್ಯಾಂಕಿನ ಹತ್ರ ಇತ್ತು. ಡೀನಾ ಪಾಸ್ ಮಾಡಿದ್ದು ಶೀಓಕ್ ಹತ್ರ. ಅಲ್ಲಿ ಬಾವುಟ ಇರ್ಲಿಲ್ಲ. ಅವಳು ಇರ್ಲಿಲ್ಲ ಅಂತಾನೇ ಹೇಳಿದ್ಲು, ನಾನು ಒತ್ತಿ ಒತ್ತಿ ಬೇರೆ ಹೇಳಿಸ್ದೆ. ಕ್ಲ್ಯಾರಿ ನಂಬರ್ ತಪ್ಪು ಬರೆದ. ಅದನ್ನ ಹಿಡಿಯೋದು ನನ್ನ ಕೆಲಸ. ನಾನು ಕ್ಲ್ಯಾರೀನ ಕರೆಸಲಿಲ್ಲ, ಜೋಸಿಯ ಖಾಲಿ ಚೀಟಿ ನೋಡಲಿಲ್ಲ." ಮರ್ರೆಯದನ್ನೂ ಹೇಳಿದೆ. ಗ್ರೇಮ್ ನೆಲ ನೋಡುತ್ತಿದ್ದ. ಕ್ಲ್ಯಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಂಗಾದ್ರೆ ನಾನೇನ್ ಮಾಡ್ಲಿ?" ಅಂದ ಕೋರಿ.

"ನೀನು ಓಡಿಸು. ನಿನ್ನ ತಪ್ಪೇನಿಲ್ಲ. ಅಂಕ ವಾಪಸ್ ಕೊಡೋ ಅಧಿಕಾರ ನನಗಿಲ್ಲ, ರಾಜ್ಯದ ಕಚೇರಿಗೆ ಬರೀತೀನಿ. ಎರಡು ತೀರ್ಪನ್ನೂ. ಅವರು ಫೆಬ್ರವರಿಲಿ ವಿಚಾರಣೆಗೆ ಕೂರ್ತಾರೆ."

ಡೀನಾ ಹಿಂದೆ ನಿಂತಿದ್ದಳು. ಅವಳ ಮುಖದಲ್ಲಿ ಮೊದಲು ಏನೋ ಹಗುರಾಯಿತು, ಅದನ್ನು ನಾನು ನೋಡಿದೆ. ಕಣ್ಣು ಮುಚ್ಚಿ ತೆಗೆದಳು. ಧನ್ಯವಾದ ಹೇಳುತ್ತಾಳೆ ಅಂದುಕೊಂಡೆ. ಹೌದು, ಅಂದುಕೊಂಡೆ, ಸುಳ್ಳು ಬರೆಯುವುದಿಲ್ಲ.

"ನಿಮಗೆ ಯಾವತ್ತು ಗೊತ್ತಾಯ್ತು?" ಅಂದಳು.

ಈ ಸಲ ಈಚೆಗೆ ಅನ್ನಲಿಲ್ಲ. "ಅಕ್ಟೋಬರ್ ಇಪ್ಪತ್ತೊಂದು."

ಬೆರಳು ಮಡಿಸಿ ಎಣಿಸಿದಳು. ಎಲ್ಲರೂ ಕಾಯುತ್ತಿದ್ದರು. "ನಲವತ್ತು ದಿನ. ಸೈಲೋದಲ್ಲಿ ನಾನು ಕೈ ತೊಳೀತಿದ್ದಾಗ ಗೊತ್ತಿತ್ತು."

"ಗೊತ್ತಿತ್ತು."

"ನಾನು ಕಣ್ಣು ತೋರಿಸ್ತೀನಿ ಅಂದಾಗ."

"ಗೊತ್ತಿತ್ತು."

"ನನಗೆ ಅರ್ಧ ಗಂಟೆ ಕೊಟ್ರಿ. ಮರ್ರೆಗೆ ಆರು ನಿಮಿಷ ಜಾಸ್ತಿ ಕೊಡ್ಲಿಲ್ವಂತೆ. ನೀವು ನಲವತ್ತು ದಿನ ತಗೊಂಡ್ರಿ."

ಕೂಗಲಿಲ್ಲ. ಲಾರಿಯಲ್ಲಿ ಏನು ಕೆಟ್ಟಿದೆ ಎಂದು ಮಾಲೀಕನಿಗೆ ಹೇಳುವ ದನಿಯಲ್ಲೇ ಹೇಳಿದಳು. ನಾನು "ಹೌದು" ಅಂದೆ. ಬೇರೆ ಏನು ಅಂದಿದ್ದರೂ ಅದು ಇನ್ನೊಂದು ದಿನ ತೆಗೆದುಕೊಂಡ ಹಾಗೆ ಆಗುತ್ತಿತ್ತು.

"ಪುಸ್ತಕದಲ್ಲಿ ಬರೀರಿ" ಅಂದಳು.

ಕೋಣೆಯೊಳಗೆ ಬಂದು ಮೇಜಿನ ಪಕ್ಕ ನಿಂತಳು. ತಡವಾಗಿ ಬಂದ ಕಾಗದಗಳಿಗೆ ಪುಸ್ತಕದ ಕೊನೆಯಲ್ಲಿ ಬೇರೆ ಪುಟ ಇದೆ. ಯಾರಿಂದ, ಎಷ್ಟು ತಡ, ಕಾರಣ, ಕೊನೆಗೆ ತಲುಪಿದ ಹೊತ್ತು, ಪಡೆದವರ ಸಹಿ. ನಾನು ಹೆಸರು ಬರೆದೆ, ವರ್ನಾ ಪೆನ್‌ಹಾಲ್, ಮುಖ್ಯ ಸ್ಟೀವರ್ಡ್. ತಡ, ನಲವತ್ತು ದಿನ. ಕಾರಣದ ಮನೆಗೆ ಬಂದು ಪೆನ್ನು ನಿಂತಿತು. ನಿಯಮ ಅಂತ ಬರೆಯಬಹುದಿತ್ತು. ಮರ್ರೆ, ಕ್ಲ್ಯಾರಿ, ಕ್ಲಬ್ಬಿನ ಹೆಸರು, ಎಲ್ಲರಿಗೂ ಒಂದೇ ರೀತಿ, ಏನು ಬೇಕಾದರೂ ಬರೆಯಬಹುದಿತ್ತು. ಹೊರಗೆ ಯಾರೋ ಎಂಜಿನ್ ಶುರುಮಾಡಿದರು. ಡೀನಾ ಅವಸರ ಮಾಡಲಿಲ್ಲ, ಪುಟವನ್ನೇ ನೋಡುತ್ತಿದ್ದಳು.

"ಹೆದರಿಕೆ" ಎಂದು ಬರೆದೆ.

ಅವಳು ಅದನ್ನು ಎರಡು ಸಲ ಓದಿದಳು. ಗಡಿಯಾರ ನೋಡಿ, ಕೆಳಗೆ ಎಂಟು ಗಂಟೆ ಐವತ್ತೆರಡು ನಿಮಿಷ ಎಂದು ತಾನೇ ಬರೆದು ಸಹಿ ಹಾಕಿದಳು. ಹೆಲ್ಮೆಟ್ ತೆಗೆದುಕೊಂಡು ಕಾರಿನ ಹತ್ತಿರ ಹೋದಳು.